ಕೋಣೆಯ ಮೌನಕ್ಕೆ ಒಬ್ಬರು ಬೇಕಾಗಿದ್ದಾರೆ

ಭಾನುವಾರ, ಮಧ್ಯಾಹ್ನ

ರೀ ಡ್ರೈವರ್ ಸಾಹೇಬರೇ,

ಫೋನ್ ಮಾಡಿದರೆ ನಾನು ಹಲೋ ಅಂದು ಸುಮ್ಮನಾಗುತ್ತೇನೆ, ನೀವೂ ಸುಮ್ಮನಾಗುತ್ತೀರಿ, ಕೊನೆಗೆ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ. ನಿಮ್ಮ ಅಕ್ಕನ ಮನೆಯ ಸೋಫಾದ ಮೇಲೆ ಮಲಗಿ ಮಲಗಿ ಸೊಂಟ ಹಿಡಿದುಕೊಂಡಿದೆಯಂತೆ, ಅತ್ತಿಗೆಯೇ ಹೇಳಿದರು. ಕೇಳಿ ಖುಷಿಯಾಯಿತು ಎಂದು ಬರೆಯಲು ಹೊರಟೆ, ಆಗಲಿಲ್ಲ.

ಈಗ ಕೆಲಸದ ಮಾತು. ಕಂಪ್ಯೂಟರಿನಲ್ಲಿ ನಾನು ಮಾಡುತ್ತಿದ್ದ ಸಂಗೀತ ನೆನಪಿದೆಯಲ್ಲ? ಫ್ರಿಜ್ಜಿನ ಗುಂಯ್, ಲಿಫ್ಟ್ ನಿಲ್ಲುವಾಗಿನ ನಿಟ್ಟುಸಿರು, ತಂತಿಯ ಮೇಲೆ ಒಣಗುವ ಬಟ್ಟೆಯ ಪಟಪಟ, ಎಲ್ಲವನ್ನೂ ಎಳೆದೆಳೆದು ಉದ್ದ ಮಾಡಿ ಒಂದರ ಮೇಲೊಂದು ಹಾಸಿದ್ದು. ನಿಮ್ಮಮ್ಮ ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಕೂತು, ಚೆನ್ನಾಗಿದೆ ಕಣೇ, ಹಾಡು ಯಾವಾಗ ಶುರುವಾಗುತ್ತೆ ಅಂದರಲ್ಲ, ಅದೇ. ನೀವು ನನ್ನನ್ನು ಗುಂಯಮ್ಮ ಎಂದು ಕರೆಯಲು ಶುರುಮಾಡಿದ್ದೂ ಅವತ್ತಿನಿಂದಲೇ.

ಇಂಥ ಸಂಗೀತದಲ್ಲಿ ಎಲ್ಲದರ ಕೆಳಗೆ ಕೋಣೆಯ ಮೌನವನ್ನು ಹಾಸಬೇಕು. ಅದನ್ನೂ ರೆಕಾರ್ಡ್ ಮಾಡಬೇಕು. ಕಿಟಕಿ ಮುಚ್ಚಿ, ಮೈಕ್ ಇಟ್ಟು, ಯಾರೂ ತುಟಿ ಪಿಟಕ್ಕೆನ್ನದೆ. ಮೊದಲ ಸಲ ಮಾಡಿದಾಗ ನೀವು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಿರಿ, ನಿಮ್ಮ ಉಸಿರೂ ಅದರೊಳಗೆ ಸೇರಿಕೊಂಡಿದೆ. ಕೊನೆಯ ಭಾಗಕ್ಕೆ ಅದು ಸಾಲಲಿಲ್ಲ. ಖಾಲಿ ಕೋಣೆಯಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡಿ ಜೋಡಿಸಿದೆ. ಅದೇ ಮೈಕ್, ಅದೇ ಜಾಗ, ಆದರೂ ಹೊಂದುತ್ತಲೇ ಇಲ್ಲ. ಹೊಸ ಮೌನ ಶುರುವಾಗುವ ಕಡೆ ಯಾರೋ ಎದ್ದು ಹೋದದ್ದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಕುರ್ಚಿಯ ಮೇಲೆ ದಿಂಬು ಪೇರಿಸಿ, ನಿಮ್ಮ ಖಾಕಿ ಕೋಟನ್ನು ಅದಕ್ಕೆ ತೊಡಿಸಿಯೂ ನೋಡಿದೆ. ನಗಬೇಡಿ. ದಿಂಬು ಉಸಿರಾಡುವುದಿಲ್ಲವಲ್ಲ, ಎಲ್ಲವನ್ನೂ ತೆಗೆದು ಕಪಾಟಿನಲ್ಲಿಟ್ಟೆ.

ಹೋಗುವ ದಿನ ನೀವು ಬಾಗಿಲಲ್ಲಿ ನಿಂತು, ಈ ಮನೇಲಿ ಫ್ರಿಜ್ಜಿಗಿರೋ ಬೆಲೆ ನನಗಿಲ್ಲ, ಅದು ಸದ್ದು ಮಾಡಿದ್ರೆ ಮೈಕ್ ಹಿಡೀತೀಯ, ನಾನು ಬಾಯಿ ಬಿಟ್ರೆ ಶ್ ಅಂತೀಯ ಅಂದಿರಿ. ದಿನವಿಡೀ ಬಸ್ಸು ಓಡಿಸಿ, ಹಾರ್ನ್ ಕೇಳಿ ಬಂದವರಿಗೆ ನಾಲ್ಕು ಮಾತು ಬೇಕಿತ್ತು. ನನಗೋ ಮೈಯೆಲ್ಲ ಉರಿಯುವಷ್ಟು ಸಿಟ್ಟು. ನೀವು ಬಾಗಿಲು ಎಳೆದುಕೊಂಡ ಸದ್ದು ಚೆನ್ನಾಗಿತ್ತು, ರೆಕಾರ್ಡ್ ಆಗಲಿಲ್ಲವಲ್ಲ ಎಂದುಕೊಂಡೆ. ಈಗ ಮನೆ ತುಂಬಾ ನಿಶ್ಶಬ್ದ, ಬೇಕಾದಷ್ಟು ರೆಕಾರ್ಡ್ ಮಾಡಬಹುದು, ಒಂದನ್ನೂ ಕೇಳಲಾಗುತ್ತಿಲ್ಲ. ಒಬ್ಬಳೇ ಇರಲು ನನಗೆ ಬರುವುದಿಲ್ಲ ರೀ.

ಆದ್ದರಿಂದ ನಿಮ್ಮ ರಜೆಯ ದಿನ ಬಂದು ಆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಮಾತಾಡಬೇಕಾಗಿಲ್ಲ. ಕೆಲಸ ಮುಗಿದ ತಕ್ಷಣ ಹೊರಡಬಹುದು. ಇದನ್ನು ಪ್ರಸಾರ ಮಾಡಲಿರುವ ರೇಡಿಯೊದವರು ಈ ತಿಂಗಳೇ ಕಳಿಸಿ ಎಂದು ಅವಸರ ಮಾಡುತ್ತಿದ್ದಾರೆ, ಅಷ್ಟೇ. ಬೇರೇನೂ ಅಂದುಕೊಳ್ಳಬೇಡಿ.

ಇಂತಿ, ನಿಮ್ಮ
ಗುಂಯಮ್ಮ

ಮತ್ತೊಂದು ಮಾತು: ರೇಡಿಯೊದವರು ಆ ಸಂಗೀತವನ್ನು ಹೋದ ವಾರವೇ ಹಾಕಿಬಿಟ್ಟರು. ಕೊನೆಯ ಭಾಗ ಜೋಡಿಸದೆ, ನೀವಿದ್ದಷ್ಟಕ್ಕೇ ನಿಲ್ಲಿಸಿ ಕಳಿಸಿದ್ದೆ. ಆದರೂ ಬನ್ನಿ. ಮೈಕ್ ಪೆಟ್ಟಿಗೆಯಲ್ಲೇ ಇರುತ್ತದೆ. ಎಷ್ಟು ಬೇಕಾದರೂ ಮಾತಾಡಿ.