ರೋಮಿನವರ ಮೆಟ್ಟಿಲು

ದೋಹಾ
5-11-1996

ಮುದ್ದಿನ ಗಾನವಿಗೆ ನಿನ್ನಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಮೈಸೂರಿನ ಹಾಸ್ಟೆಲ್ ಊಟ ನಿನಗೆ ಒಗ್ಗಿತೆಂದು ನಂಬಿದ್ದೇನೆ. ಶುಕ್ರವಾರ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ನಡೆಯಿತು. ವ್ಯವಸ್ಥೆ ಅಚ್ಚುಕಟ್ಟು ಎಂದು ಎಲ್ಲರೂ ಹೊಗಳಿದರು. ನನಗೆ ಮಾತ್ರ ಅಂದಿನಿಂದ ತಲೆಯೆತ್ತಿ ಓಡಾಡಲು ನಾಚಿಕೆ.

ನೀನು ರೋಮಿನವರ ಆಂಫಿಥಿಯೇಟರಿನ ಚಿತ್ರ ಬರೆದು ಕಳಿಸಿದ್ದೆಯಲ್ಲ, ಮೊಟ್ಟೆಯಾಕಾರದ್ದು. ಅಖಾಡದ ಪಕ್ಕದಲ್ಲೇ ದೊಡ್ಡವರಿಗೆ ಅಮೃತಶಿಲೆಯ ಆಸನ, ಮೇಲೇರಿದಂತೆ ಸಾಮಾನ್ಯರು, ತುತ್ತತುದಿಯಲ್ಲಿ ಮರದ ಹಲಗೆಗಳ ಮೇಲೆ ಬಡವರು, ಹೆಂಗಸರು. ಇವರು ಅವರಿಗೆ ಎದುರಾಗದಂತೆ ಕಮಾನುಗಳ ಅಡಿಯಲ್ಲಿ ಬೇರೆ ಬೇರೆ ಮೆಟ್ಟಿಲು. ಅಷ್ಟು ಜನ ನೂಕುನುಗ್ಗಲಿಲ್ಲದೆ ಹೊರಗೆ ಬರುತ್ತಿದ್ದರು ಎಂದು ನೀನು ಮೆಚ್ಚಿ ಬರೆದಿದ್ದೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತಾಯಿತು. ಈ ಸಲ ಜನರನ್ನು ಕೂರಿಸುವ ಹೊಣೆ ನನ್ನದು. ಕ್ಲಬ್ಬಿನ ಬಯಲು ರಂಗಮಂದಿರಕ್ಕೂ ಕಲ್ಲಿನ ಮೆಟ್ಟಿಲ ಸಾಲುಗಳಿವೆ. ನಿನ್ನ ಚಿತ್ರದಂತೆಯೇ ಕೂರಿಸಿದೆ: ಕೆಳಗೆ ನಿನ್ನಪ್ಪನ ಮ್ಯಾನೇಜರ್, ಆಫೀಸಿನ ಸಂಸಾರಗಳು. ಮೇಲೆ ಅಂಗಡಿಯವರು, ಡ್ರೈವರುಗಳು. ಬರುವ ದಾರಿ ಬೇರೆ ಬೇರೆ, ನಡುವೆ ಹಗ್ಗ.

ನಮ್ಮ ಝಾಹಿದಾ ಆಂಟಿಗೂ ಮೇಲಿನ ಸಾಲೇ ಕೊಟ್ಟೆ. ನನಗೆ ಟೈಫಾಯಿಡ್ ಬಂದಾಗ ನಿನ್ನನ್ನು ಸೊಂಟದಿಂದ ಇಳಿಸದೆ ಸಾಕಿದವಳು. ಆದರೂ ಗಂಡನದು ಸೂಕ್ ಪೇಟೆಯಲ್ಲಿ ಬಟ್ಟೆಯಂಗಡಿ ತಾನೇ, ಎಂದುಕೊಂಡೆ. ಮಂಡಿನೋವಿನಲ್ಲೇ ಹತ್ತಿದಳು. ನಡುವೆ ಒಮ್ಮೆ, ನನಗೆಂದು ಮಾಡಿದ ಅಕ್ಕಿ-ಬೆಲ್ಲದ ಕಲ್ತಪ್ಪದ ಡಬ್ಬಿ ಹಿಡಿದು ಇಳಿದು ಬಂದಳು. ಅವಳ ಮೆಟ್ಟಿಲಿನಿಂದ ನನ್ನ ಸಾಲಿಗೆ ದಾರಿಯಿರಲಿಲ್ಲ. ಹಗ್ಗದಾಚೆ ನಿಂತು ಕಾಂತಕ್ಕಾ ಎಂದು ಕರೆದಳು. ನನ್ನ ಪಕ್ಕ ಮ್ಯಾನೇಜರ್ ಹೆಂಡತಿ ಕೂತಿದ್ದರು. ನಾನು ಕೇಳಿಸದವಳಂತೆ ವೇದಿಕೆ ನೋಡುತ್ತಿದ್ದೆ. ಸ್ವಲ್ಪ ಹೊತ್ತು ನಿಂತು, ಡಬ್ಬಿಯೊಂದಿಗೆ ಹೊರಟುಹೋದಳು.

ಹತ್ತಿದ ಏಣಿ ಒದೆಯುವವರನ್ನು ನಾನೇ ಎಷ್ಟು ಆಡಿಕೊಂಡಿಲ್ಲ. ಮರುದಿನ ಅವಳ ಮನೆಗೆ ಹೋದೆ, ಕ್ಷಮೆ ಕೇಳಬೇಕೆಂದೇ. ಚಹಾ ಕೊಟ್ಟಳು, ಎಂದಿನಂತೆ ಮಾತಾಡಿದಳು, ಬೇಜಾರು ತೋರಿಸಲಿಲ್ಲ. ಹಾಗಾಗಿ ನೀನು ಚಿಂತಿಸಬೇಡ. ಡಿಸೆಂಬರಿನಲ್ಲಿ ಬಂದಾಗ ಮೊದಲು ಅವಳನ್ನು ನೋಡಿಕೊಂಡು ಬಾ.

ಮಗಳೆದುರೂ ತಲೆ ತಗ್ಗಿಸಿರುವ
ನಿನ್ನ ಅಮ್ಮ
ಕಾಂತಾಮಣಿ

ತಾ.ಕ.: ನೀನು ಝಾಹಿದಾ ಆಂಟಿಯ ಮನೆಗೆ ಹೋಗುವ ಮೊದಲು ಇದೊಂದು ಗೊತ್ತಿರಲಿ. ಹಾಗೆ ಕೂರಿಸಿದ್ದು ಯಾರು ಎಂದು ಅವಳು ಕೇಳಿದಳು. ನಕ್ಷೆ ಗಾನವಿಯದು ಎಂದುಬಿಟ್ಟೆ. ಮಗು ಹೇಳಿದ್ದಾದರೆ ಏನೋ ಕಾರಣ ಉಂಟು ಕಾಂತಕ್ಕ, ಅದು ನನ್ನನ್ನು ಸುಮ್ಮನೆ ಮೇಲೆ ಹತ್ತಿಸುವುದಿಲ್ಲ ಎಂದಳು. ನಾನು ಹೌದು ಎಂದೆ.