ಚೀಟಿಯ ಮೇಲೆ ತಂಗಿಯ ಹೆಸರು

ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ), ಹಿಂದಿನ ಕೋಣೆ
ಮಂಗಳವಾರ, ಫೆಬ್ರವರಿ 11

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯೇ? ಮಂಡಿ ನೋವು ಇಳಿಯಿತಾ? ಕಾಯಿಸಿದ ನೀರು ಒಯ್ಯುತ್ತೀಯೋ, ಇಲ್ಲ ಕಂಡ ಝರಿಗೆಲ್ಲ ಬಾಯಿ ಒಡ್ಡುತ್ತೀಯೋ? ಅಮ್ಮ ಚೆನ್ನಾಗಿದ್ದಾಳೆ. ಬಂದವರಿಗೆಲ್ಲ ನಿನ್ನ ಫೋಟೋ ತೋರಿಸಿ, 'ನಮ್ಮ ಚಿಕ್ಕವಳು ಕಾಡೆಲ್ಲ ಸುತ್ತುತ್ತಾಳೆ' ಎನ್ನುತ್ತಾಳೆ. ದೊಡ್ಡವಳು ಪಕ್ಕದಲ್ಲೇ ಚಹಾದ ಲೋಟ ಹಿಡಿದು ನಿಂತಿರುತ್ತಾಳೆ, ಅವಳ ಸುದ್ದಿ ಯಾರಿಗೆ ಬೇಕು!

ನಿನ್ನ ಪಾರ್ಸೆಲ್ ಬಂತು. ಕಲ್ಲುಹೂವನ್ನು ಕಾಗದದಲ್ಲೇ ಸುತ್ತಿ ಕಳಿಸು ಅಂತ ಬಾಯಿ ನೋಯುವಷ್ಟು ಹೇಳಿದ್ದೆ. ಹಸಿಹಸಿಯಾಗಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ್ದೀಯಲ್ಲ ಮಹಾರಾಯ್ತಿ, ಅರ್ಧಕ್ಕರ್ಧ ಬೂಷ್ಟು ಹಿಡಿದಿದೆ! ಫ್ಯಾನಿನ ಕೆಳಗೆ ಹರಡಿ, ಬ್ರಶ್ಶಿನಿಂದ ಬೂಷ್ಟು ಒರೆಸಿ, ಲಕೋಟೆ ಮಡಿಸಿ ಒಳಗಿಟ್ಟೆ. ಆಮೇಲೆ ಪ್ರತಿ ಲಕೋಟೆಗೂ ಚೀಟಿ: ಯಾವ ಮರದ ತೊಗಟೆ, ಎಷ್ಟು ಎತ್ತರದ ಗುಡ್ಡ, ಸಂಗ್ರಹಿಸಿದವರು ಯಾರು. ಎಲ್ಲದರ ಮೇಲೂ ಸಂಗ್ರಹಿಸಿದವರು ನೀನೇ. ಬರೆದು ಬರೆದು ಈಗ ನನ್ನ ಕೈಗೆ ನನ್ನ ಹೆಸರಿಗಿಂತ ನಿನ್ನದೇ ಸಲೀಸು. ಬೂಷ್ಟು ಒರೆಸಿದವರಿಗೆ ಆ ಚೀಟಿಯಲ್ಲಿ ಜಾಗವಿಲ್ಲ. ಕ್ಯುರೇಟರ್ ಸಾರ್ ಭೂತಗನ್ನಡಿ ಹಿಡಿದು ನೋಡಿ, 'ಎಂಥ ಕಣ್ಣಮ್ಮಾ ನಿಮ್ಮ ತಂಗಿಯದು!' ಎಂದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಹೌದು ಕಣೇ, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಯಾಕಿಡಲಿ?

ಕಾಡಿಗೆ ಕಳಿಸುವುದು ಒಬ್ಬರನ್ನೇ ಎಂದಾಗ ಸಾರ್ ಮೊದಲು ಕೇಳಿದ್ದು ನನ್ನನ್ನು. 'ನೀನು ದೊಡ್ಡವಳು, ಬಿಟ್ಟುಕೊಡೇ' ಎಂದಳು ಅಮ್ಮ. ಬಿಟ್ಟುಕೊಟ್ಟೆ. ಗೊಂಬೆಯಿಂದ ಹಿಡಿದು ಕಿಟಕಿ ಪಕ್ಕದ ಹಾಸಿಗೆಯವರೆಗೆ ಎಲ್ಲ ಬಿಟ್ಟುಕೊಟ್ಟವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಇದು ಮಹಾ ಆಗಿತ್ತು. ಇಷ್ಟು ವರ್ಷದಿಂದ ನಾನು ಚೀಟಿ ಬರೆಯುವ ಈ ಕಲ್ಲುಹೂವಿನ ಜಾತಿಯನ್ನು ಮರದ ಮೇಲೆ ಜೀವಂತವಾಗಿ ಒಮ್ಮೆಯೂ ಕಂಡಿಲ್ಲ, ಒಣಗಿದ್ದನ್ನೋ ಬೂಷ್ಟು ಹಿಡಿದದ್ದನ್ನೋ ಕಂಡವಳು. ಮಳೆ ಬಿದ್ದ ಗಳಿಗೆಯಲ್ಲೇ ಅದು ಹಸಿರಾಗುತ್ತದೆ ಅಂತ ನೀನು ಬರೆದಿದ್ದೆಯಲ್ಲ, ಅವತ್ತು ನನಗೆ ಊಟ ಸೇರಲಿಲ್ಲ.

'ಮುಂದಿನ ಸಲವೂ ನನ್ನನ್ನೇ ಕಳಿಸುವಂತೆ ಸಾರ್ ಕಿವಿಗೆ ಒಂದು ಮಾತು ಹಾಕಕ್ಕ' ಎಂದು ಕೇಳಿದ್ದೀಯ. ಓದಿದೆ.

ಒದ್ದೆ ಬಂಡೆಯ ಮೇಲೆ ಹಾರಾಡಬೇಡ, ಕಾಲು ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ ಬೇಕಾದಷ್ಟಿದೆ, ಅದರ ಜೊತೆ ನನ್ನದೂ ಒಂದಿಷ್ಟು ಸೇರಿಸಿಕೋ.

ನಿನ್ನ ಅಕ್ಕ

ಅಂಟು ಹಚ್ಚುವ ಮುಂಚೆ ಇನ್ನೊಂದು ಮಾತು: ಸಾರ್ ಕಿವಿಗೆ ಹಾಕಿದೆ, ಆದರೆ ನನ್ನ ಹೆಸರು. ಒಪ್ಪಿದರು. ಮುಂದಿನ ಸಲ ಹೋಗುವವಳು ನಾನು. ಅಮ್ಮ ನಿನ್ನೆಯಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ, ನೀನೂ ಬಿಡಬಹುದು. ಸಿಟ್ಟು ಬಂದರೆ ಬರಲಿ ಕಣೇ. ನನಗಂತೂ ನೀನು ಬಸ್ ಹತ್ತಿದ ದಿನವೇ ಬಂದಿತ್ತು.