ಮೈಕಿಗೆ ಕೇಳುವ ಹೊಟ್ಟೆ

ಮಾರ್ಚ್ 4, ಬೆಳಿಗ್ಗೆ
ತಿಂಡಿಗೆ ಮುಂಚಿನ ಮಾತ್ರೆ ಆಯಿತು. ಕರುಳು ಹಿಂಡದಿರಲಿ ಎಂದು ಅದು. ಆಮೇಲೆ ಇಸಬ್‌ಗೋಲ್ — ಕುಡಿಯುವಷ್ಟರಲ್ಲಿ ಲೋಟದಲ್ಲಿ ಗೋಂದು. ಚಪ್ಪಲಿ ಮೆಟ್ಟಿದ್ದೇ ತಡ, ಮತ್ತೆ ಟಾಯ್ಲೆಟ್ಟು. ಬಾಗಿಲ ಹೊರಗೆ ಅಕ್ಕ: “ಏನೇ, ಅಲ್ಲೇ ಸಂಸಾರ ಹೂಡ್ಬಿಟ್ಯಾ?” ನಗು ಬಂತು. ನಕ್ಕರೆ ಇನ್ನೂ ನೋವು.

ಸಂಜೆ
ರೆಕಾರ್ಡಿಂಗ್ ಬೂತಿನೊಳಗೆ ಹೊರಗಿನ ಸದ್ದು ಒಂದಿಷ್ಟೂ ಬರುವುದಿಲ್ಲ. ಅದೇ ಪ್ರಾಬ್ಲಮ್. ಮೈಕು, ನಾನು, ನನ್ನ ಹೊಟ್ಟೆ. ಕಾದಂಬರಿಯಲ್ಲಿ ಅಪ್ಪನ ಕೊನೆಯುಸಿರು, ಮಗಳು ಕೈ ಹಿಡಿದು ಕೂತಿದ್ದಾಳೆ, ನಾನು ದನಿ ತಗ್ಗಿಸಿ ಓದುತ್ತಿದ್ದೇನೆ — ಗುರ್ರ್... ಗಾಜಿನಾಚೆಯಿಂದ ಸೌಂಡ್ ಇಂಜಿನಿಯರ್ ಹೆಡ್‌ಫೋನಿನಲ್ಲಿ, “ಮೇಡಂ, ಇನ್ನೊಂದ್ಸಲ. ಹೊರಗೆ ಲಾರಿ ಹೋಯ್ತು ಅನ್ಸುತ್ತೆ” ಎಂದ. ಲಾರಿಯಲ್ಲ ಎಂದು ಅವನಿಗೂ ಗೊತ್ತು. ಪುಣ್ಯಾತ್ಮ.
ಪ್ರಕಾಶಕಿ ಬಂದಿದ್ದರು. ಈ ತಿಂಗಳೊಳಗೆ ಆಡಿಯೋ ಬುಕ್ ಮುಗಿಯಬೇಕಂತೆ. ಇಲ್ಲದಿದ್ದರೆ ಬೇರೆಯವರು ಮೊದಲ ಪುಟದಿಂದ ಓದುತ್ತಾರೆ. ಒಂದೇ ಪುಸ್ತಕದಲ್ಲಿ ಎರಡು ದನಿ ಇರಕೂಡದಲ್ಲ. ಅಂದರೆ ಇಷ್ಟು ದಿನ ಓದಿದ್ದೆಲ್ಲ ಕಸದಬುಟ್ಟಿಗೆ.

ಮಾರ್ಚ್ 7
ಡಾಕ್ಟರು ರಿಪೋರ್ಟು ತಿರುವಿಹಾಕಿದರು. “ಎಲ್ಲಾ ನಾರ್ಮಲ್. ಏನೂ ಇಲ್ಲ ನಿಮಗೆ.” ಏನೂ ಇಲ್ಲದ್ದು ಇಷ್ಟು ಗೋಳು ಹೊಯ್ದುಕೊಳ್ಳುತ್ತದೆಯೇ? ರಾತ್ರಿ ಮಲಗುವಾಗ ಒಂದು ಹೊಸ ಮಾತ್ರೆ ಬರೆದರು. “ಖಿನ್ನತೆಗೂ ಕೊಡ್ತೀವಿ ಇದನ್ನ, ಹೆದರ್ಬೇಡಿ. ಸಣ್ಣ ಡೋಸಲ್ಲಿ ಕರುಳಿನ ನೋವಿಗೆ ಒಳ್ಳೇದು. ಬಾಯಿ ಸ್ವಲ್ಪ ಒಣಗ್ಬಹುದು.” ಒಣಗಿದರೆ ಒಣಗಲಿ ಎಂದು ತಲೆಯಾಡಿಸಿ ಬಂದೆ. ಬಾಯಿಯಿಂದಲೇ ಹೊಟ್ಟೆ ಹೊರೆಯುವವಳು ನಾನು ಎಂದು ಹೇಳಲೇ ಇಲ್ಲ. ಬುದ್ಧಿ ಎಲ್ಲಿಟ್ಟಿದ್ದೆನೋ.

ಮಾರ್ಚ್ 16
ಹೊಟ್ಟೆ ತಣ್ಣಗೆ ಮಲಗಿದೆ! ಖುಷಿ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಬಾಯಿ ಪೂರ್ತಿ ಒಣ. ನಾಲಿಗೆ ಅಂಗುಳಿಗೆ ಅಂಟಿ ಬಿಡುವಾಗೆಲ್ಲ ಟಕ್ ಟಕ್. ನನಗೆ ಕೇಳುವುದಿಲ್ಲ, ಮೈಕಿಗೆ ಕೇಳುತ್ತದೆ. ಇಂಜಿನಿಯರ್ ಹಾಕಿ ಕೇಳಿಸಿದ. ಕಥೆಯೊಳಗೆ ಯಾರೋ ಕೂತು ಅಡಿಕೆ ಕತ್ತರಿಸಿದ ಹಾಗೆ. ನೀರು ಕುಡಿದೆ, ಆದರೂ ಟಕ್. ಇನ್ನಷ್ಟು ಕುಡಿದೆ... ಮತ್ತೆ ಟಾಯ್ಲೆಟ್ಟಿಗೆ ಓಟ.

ಮಾರ್ಚ್ 17
ಇಂಜಿನಿಯರ್ ಮನೆಯಿಂದಲೇ ಹಸಿರು ಸೇಬು ಹೆಚ್ಚಿಕೊಂಡು ಬಂದಿದ್ದ. “ಓದೋರೆಲ್ಲ ಇದನ್ನೇ ತಿಂತಾರೆ ಮೇಡಂ. ಹುಳಿಗೆ ಬಾಯಲ್ಲಿ ನೀರೂರುತ್ತೆ, ಟಕ್ ಅನ್ನೋದು ಮಾಯ.” ಡಾಕ್ಟರು ಕೊಟ್ಟ ಚೀಟಿಯಲ್ಲಿ ‘ತಿನ್ನಬಾರದು’ ಸಾಲಿಗೆ ಮೊದಲ ಹೆಸರೇ ಸೇಬು. ಡಬ್ಬಿ ಹಿಡಿದು ನಿಂತಿದ್ದಾನೆ, ಹೇಗೆ ಬೇಡ ಎನ್ನಲಿ? ಎರಡು ಹೋಳು ತಿಂದೆ. ದನಿ ನೀರಿನಂತೆ ಹರಿಯಿತು. ಅಧ್ಯಾಯ ಒಂದೇ ಉಸಿರಿಗೆ! ಗಾಜಿನಾಚೆ ಹೆಬ್ಬೆರಳೆತ್ತಿದ. ಇಷ್ಟು ಚೆನ್ನಾಗಿ ಓದಿ ಎಷ್ಟು ಕಾಲವಾಗಿತ್ತು.

ಮಾರ್ಚ್ 18
ಬರೆಯಲಾಗದು. ಹೊಟ್ಟೆ.

ಮಾರ್ಚ್ 23
ಭೇದಿ ನಿಲ್ಲಲೆಂದು ಲೋಪೆರಮೈಡ್ ನುಂಗಿದೆ. ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಹೊಟ್ಟೆ ಉಬ್ಬಿ, ಕೂರಲೂ ಆಗದು. ಅಕ್ಕ ಬಿಸಿನೀರಿನ ಚೀಲ ಇಟ್ಟು, “ಆ ಕೆಲ್ಸಕ್ಕೆ ಒಂದು ನಮಸ್ಕಾರ ಹೊಡಿ. ನಿನ್ ಜೀವಕ್ಕಿಂತ ಹೆಚ್ಚಾ ಅದು?” ಎಂದಳು. ಹೆಚ್ಚೇ ಅಕ್ಕ. ಓದುವಾಗ ಮಾತ್ರ ನನಗೆ ಮೈಯಿದೆ ಎಂಬುದು ಮರೆಯುತ್ತಿತ್ತು. ಈಗ ಅದೂ ಕೈಬಿಟ್ಟು ಹೋಗುತ್ತಿದೆ. ಅವಳೆದುರು ಅತ್ತುಬಿಟ್ಟೆ.

ಮಾರ್ಚ್ 26
ಡಾಕ್ಟರಿಗೆ ಫೋನು. “ರಾತ್ರಿ ಮಾತ್ರೆ ಅರ್ಧ ಮಾಡಿ ನೋಡಿ.” ಅರ್ಧ ಮಾಡಿದೆ. ಈಗ ಬಾಯಿಯೂ ಅರ್ಧ ಟಕ್, ಹೊಟ್ಟೆಯೂ ಅರ್ಧ ಗುರ್. ಇಂಜಿನಿಯರ್ ಎರಡನ್ನೂ ಕೂತು ಅಳಿಸುತ್ತಿದ್ದಾನೆ, ಕಲ್ಲು ಆರಿಸುವ ಹಾಗೆ. ಪ್ರಕಾಶಕಿ ದಿನಾ ಅವನಿಗೇ ಫೋನ್ ಮಾಡುತ್ತಾರಂತೆ. ನನಗೆ ಮಾಡುವುದಿಲ್ಲ.

ಏಪ್ರಿಲ್ 2, ಬೆಳಿಗ್ಗೆ
ತಿಂಗಳು ದಾಟಿತು. ಕೊನೆಯ ಅಧ್ಯಾಯ ಉಳಿದಿದೆ. ಪ್ರಕಾಶಕಿ ಇವತ್ತೊಂದು ದಿನ ಕೊಟ್ಟಿದ್ದಾರೆ, ಇಂಜಿನಿಯರ್ ಕಾಡಿ ಬೇಡಿ ತೆಗೆದುಕೊಂಡದ್ದು. ನಿನ್ನೆಯಿಂದ ಊಟವಿಲ್ಲ, ಮಾತ್ರೆಯೂ ಇಲ್ಲ. ಅಕ್ಕ ಮುಖ ಊದಿಸಿಕೊಂಡು ಆಟೋ ತಂದಳು.

ಮಧ್ಯಾಹ್ನ, ಬೂತಿನಲ್ಲೇ
ಎರಡೇ ಪುಟ ಬಾಕಿ. ಒಂದು ಟಕ್ ಇಲ್ಲ, ಒಂದು ಗುರ್ ಇಲ್ಲ. ತಲೆ ಸುತ್ತುತ್ತಿದೆ, ಆದರೆ ದನಿ ನನ್ನದೇ. ಇಂಜಿನಿಯರಿಗೆ ಪ್ರಕಾಶಕಿಯ ಫೋನು ಬಂದು ಓದು ನಿಂತಿದೆ. ಗಾಜಿನಾಚೆ ಅವನ ಬಾಯಿ ಆಡುವುದಷ್ಟೇ ಕಾಣುತ್ತಿದೆ. ಕೈ ಮುಗಿದ, ಫೋನಿಗೆ. ಇಟ್ಟ. ನನ್ನ ಕಡೆ ನೋಡುತ್ತಿಲ್ಲ. ಬಾಗಿಲ ಮೇಲಿನ ರೆಕಾರ್ಡಿಂಗಿನ ಕೆಂಪು ದೀಪ ಆರಿಸಿದ. ಎರಡೇ ಪುಟ ಎಂದು ಬೆರಳು ತೋರಿಸಿದೆ. ತಲೆ ತಗ್ಗಿಸಿದ. ಬೇರೆಯವರನ್ನು ಗೊತ್ತುಮಾಡಿಬಿಟ್ಟರೇ? ಈ ಕಡೆಗೇ ಬರುತ್ತಿದ್ದಾನೆ. ಹೊಟ್ಟೆ ಇವತ್ತು ಒಂದು ಸಲವೂ ಸದ್ದು ಮಾಡಲಿಲ್ಲ, ಅವರಿಗೆ ಹೇಳಪ್ಪಾ, ಒಂದು ಸಲವೂ —